ಸೂಜಿಗಲ್ಲಿನ ಒಳಮನೆ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವವೆಂದರೆ ನಾಡಗೀತೆ, ಕೋಲಾಟ, ಒಂದು ನಾಟಕ, ಕೊನೆಗೆ ಬಿಸಿಬೇಳೆ ಭಾತು. ಇದು ಮುಂಬಯಿಯ ನಮ್ಮ ಸಂಘದ ಬಹುಕಾಲದ ವಾಡಿಕೆ. ಈ ಸಲ ಸಮಿತಿಯವರು ನಾಟಕಕ್ಕೂ ಊಟಕ್ಕೂ ನಡುವೆ ಮುಕ್ಕಾಲು ಗಂಟೆಯನ್ನು ಕಲ್ಲು ಕಬ್ಬಿಣದ ಮಾತಿಗೆ ಕೊಟ್ಟಿದ್ದಾರೆ. ಹಸಿದವರ ಮುಂದೆ ನಿಂತು ಮಾತನಾಡುವ ಅಪಾಯ ನಮಗೆ ತಿಳಿಯದ್ದೇನಲ್ಲ. ಆದಕಾರಣ ಪೀಠಿಕೆಯನ್ನು ಬೆಳೆಸದೆ ಈ ಮೇಜಿನ ಮೇಲಿರುವ ನಾಲ್ಕು ಬಟ್ಟಲುಗಳ ಕಡೆಗೇ ತಮ್ಮ ದೃಷ್ಟಿಯನ್ನು ಕರೆಯುತ್ತೇವೆ.

ಮೊದಲನೆಯ ಬಟ್ಟಲಿನಲ್ಲಿರುವುದು ಕರಿಯ ಪುಡಿ. ಇದು ಮ್ಯಾಗ್ನಟೈಟ್, ನಮ್ಮ ಹಿರಿಯರು ಸೂಜಿಗಲ್ಲು ಎಂದು ಕರೆದದ್ದು. ಕಬ್ಬಿಣ ಮತ್ತು ಆಮ್ಲಜನಕ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ. ಎರಡನೆಯದರಲ್ಲಿರುವುದು ಕಗ್ಗಂದು ಪುಡಿ; ಕಬ್ಬಿಣದ ಮೂರು ಪಾಲಿನಲ್ಲಿ ಒಂದು ಪಾಲನ್ನು ತೆಗೆದು ಆ ಸ್ಥಾನದಲ್ಲಿ ನಿಕಲ್ ಇಟ್ಟು ಬೇಯಿಸಿದ್ದು. ಮೂರನೆಯದರಲ್ಲಿ ಅದೇ ಒಂದು ಪಾಲಿಗೆ ನಿಕಲ್ ಬದಲು ಸತು. ನಾಲ್ಕನೆಯದರಲ್ಲಿ ಆ ಪಾಲನ್ನು ನಿಕಲ್ ಮತ್ತು ಸತು ಹಂಚಿಕೊಂಡಿವೆ: ಹತ್ತರಲ್ಲಿ ಏಳು ನಿಕಲ್, ಮೂರು ಸತು. ಈಗ ಅಯಸ್ಕಾಂತವನ್ನು ಹತ್ತಿರ ಹಿಡಿದರೆ ಮೊದಲನೆಯದು ಹಾರಿ ಅಂಟುತ್ತದೆ. ಎರಡನೆಯದೂ ಅಂಟುತ್ತದೆ. ಮೂರನೆಯದು ಮಿಸುಕುವುದಿಲ್ಲ. ಸತುವಿಗೆ ಅಯಸ್ಕಾಂತದ ನಂಟಿಲ್ಲವಷ್ಟೆ, ಅದು ಸೇರಿತು, ಪುಡಿಯ ಕಾಂತತ್ವವನ್ನು ಕೆಡಿಸಿತು ಎಂದು ತಾವು ಹೇಳಬಹುದು. ಹಾಗಾದರೆ ನಾಲ್ಕನೆಯದರಲ್ಲೂ ಸತು ಇದೆಯಲ್ಲ, ಅದು ಎರಡನೆಯದಕ್ಕಿಂತ ದುರ್ಬಲವಾಗಿರಬೇಕಲ್ಲವೆ? ತಕ್ಕಡಿಯಿಟ್ಟು ಅಳೆದರೆ ಅದು ಎರಡನೆಯದಕ್ಕಿಂತ ಬಲವಾಗಿ ಎಳೆಯುತ್ತದೆ! ಇಲ್ಲದವನು ಬಂದು ಸೇರಿದ, ಇದ್ದದ್ದು ಹೆಚ್ಚಾಯಿತು. ಈ ವಿಚಿತ್ರವನ್ನು ಬಿಡಿಸುವುದೇ ಇವತ್ತಿನ ನಮ್ಮ ಮಾತು.

ಮಾತಿಗೆ ಮುಂಚೆ ಒಂದು ಹಳೆಯ ಸಾಲದ ವಿಷಯ. ೧೯೭೮ರ ಮಳೆಗಾಲದಲ್ಲಿ ನಾವು ಮೂವರು ಕನ್ನಡಿಗರು ಠಾಣೆಯ ಕಡೆಯ ಒಂದು ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದೆವು. ರೇಡಿಯೋದ ಒಳಗೆ ಇರುವ ಕರಿಯ ಕಡ್ಡಿಗಳು ಅಲ್ಲಿ ತಯಾರಾಗುತ್ತಿದ್ದುವು. ಮ್ಯಾಂಗನೀಸ್, ಸತು, ಕಬ್ಬಿಣ ಇವುಗಳ ಆಕ್ಸೈಡುಗಳನ್ನು ಅರೆದು, ಒತ್ತಿ, ಭಟ್ಟಿಯಲ್ಲಿ ಸುಮಾರು ೧,೩೦೦ ಡಿಗ್ರಿಯವರೆಗೆ ಕಾಯಿಸಿ, ಆರಿಸುವಾಗ ಗಾಳಿ ತಾಗದಂತೆ ಸಾರಜನಕವನ್ನು ಹಾಯಿಸಬೇಕು. ಒಂದು ರಾತ್ರಿ ಎರಡರ ಸುಮಾರಿಗೆ ಸಾರಜನಕದ ಸಿಲಿಂಡರು ಬರಿದಾದದ್ದು ಯಾರ ಗಮನಕ್ಕೂ ಬರಲಿಲ್ಲ. ಬೆಳಿಗ್ಗೆ ತೆರೆದರೆ ಕಡ್ಡಿಗಳ ಮೈಮೇಲೆ ಕೆಂಪು ಛಾಯೆ; ಪರೀಕ್ಷೆಗೆ ಇಟ್ಟರೆ ಒಂದೂ ನಿಲ್ಲಲಿಲ್ಲ. ಇಡೀ ಭಟ್ಟಿಯ ಮಾಲು ಗುಜರಿಗೆ ಹೋಯಿತು. ಮೇಲಿನವರು ಪುಸ್ತಕದಲ್ಲಿ ‘ಪಾಳಿಯವರ ಅಲಕ್ಷ್ಯ’ ಎಂದು ಬರೆದರು. ನಮ್ಮಲ್ಲಿ ಕಿರಿಯನಾದವನ ಮೂರು ದಿನದ ಸಂಬಳ ಕತ್ತರಿಸಿತು. ಅವನು ವಿಜಾಪುರದ ಕಡೆಯ ಹುಡುಗ. ಸಂಬಳ ಹೋದುದಕ್ಕಿಂತ ಬೇರೊಂದು ಮಾತು ಅವನನ್ನು ಕೊರೆಯುತ್ತಿತ್ತು. ಚಹಾದ ಅಂಗಡಿಯಲ್ಲಿ ನಮ್ಮನ್ನು ಕೇಳಿದ: “ಅಣ್ಣಾರ, ಅದು ಮೊದಲ ಸುಟ್ಟ ಬೂದಿ ಐತಲ್ರೀ. ಸುಟ್ಟ ಬೂದಿಗೆ ಮತ್ತ ಗಾಳಿ ತಾಗಿದ್ರ ಕೆಡೂದೇನು?”

ಎಂತಹ ಪ್ರಶ್ನೆ! ಅದಕ್ಕೆ ನಾವು ಇಂಗ್ಲಿಷ್ ಶಬ್ದಗಳನ್ನು ಒಂದಕ್ಕೊಂದು ಪೋಣಿಸಿ ಏನೋ ಹೇಳಿದೆವು. ಅವನು ತಲೆಯಾಡಿಸಿದ. ಅರ್ಥವಾಗಲಿಲ್ಲವೆಂದು ಅವನಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ವರ್ಷ ತುಂಬುವುದರೊಳಗೆ ಅವನು ಊರಿಗೆ ಹಿಂದಿರುಗಿದ. ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ೧೯೧೮ರಷ್ಟು ಹಿಂದೆಯೇ ಹೊರಡಿಸಿದ್ದರು. ಅದಾಗಿ ಅರವತ್ತು ವರ್ಷದ ತರುವಾಯವೂ ನಮ್ಮ ನಾಲಗೆಗೆ ಕನ್ನಡದ ಉತ್ತರ ಬರಲಿಲ್ಲವೆಂದರೆ ತಪ್ಪು ಕನ್ನಡದ್ದಲ್ಲ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ತಮ್ಮ ಮುಂದೆ ಕೊಡುತ್ತೇವೆ.

ಮೊದಲು ಈ ಕಲ್ಲಿನ ಕುಲಗೋತ್ರ. ಸೂಜಿಗಲ್ಲು ನಮಗೆ ಹೊಸದಲ್ಲ. ಮೈಯೊಳಗೆ ನೆಟ್ಟ ಕಬ್ಬಿಣದ ಚೂರನ್ನು ತೆಗೆಯಲು ಅಯಸ್ಕಾಂತವನ್ನು ಬಳಸುವ ಮಾತು ಸುಶ್ರುತಸಂಹಿತೆಯಲ್ಲಿಯೇ ಇದೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಮ್ಯಾಗ್ನಟೈಟಿನ ಬೆಟ್ಟಗಳೇ ಇವೆ. ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ಯರು ೧೯೧೩ರಲ್ಲಿ ಅದನ್ನು ಗುರುತಿಸಿದರು. ೧೯೭೬ರಲ್ಲಿ ಅದಕ್ಕಾಗಿಯೇ ಸರಕಾರದ ಕಂಪನಿ ಹುಟ್ಟಿತು. ಅದಿರನ್ನು ಅರೆದು, ನೀರಿನಲ್ಲಿ ಕದಡಿ, ೬೭ ಕಿಲೋಮೀಟರು ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಹರಿಸುತ್ತಿದ್ದರು. ಕಾಡಿಗೂ ಭದ್ರಾ ನದಿಗೂ ಒದಗಿದ ಹಾನಿಯ ಪ್ರಶ್ನೆ ಎದ್ದು, ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ ೨೦೦೫ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ನಿಂತದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಗಣಿಯನ್ನು ನಂಬಿದ್ದವರು ಈ ಸಭೆಯಲ್ಲಿದ್ದರೆ ಊಟದ ಹೊತ್ತಿಗೆ ಜಗಳವಾಡೋಣ.

ಈ ಕಲ್ಲಿಗೆ ರಾಜಮನೆತನದ ಒಬ್ಬ ದಾಯಾದಿಯೂ ಉಂಟು. ಅದರ ಹೆಸರು ಸ್ಪಿನೆಲ್. ಇಂಗ್ಲೆಂಡಿನ ರಾಜಕಿರೀಟದ ಮುಂಭಾಗದಲ್ಲಿ ‘ಕಪ್ಪು ರಾಜಕುಮಾರನ ಮಾಣಿಕ್ಯ’ ಎಂಬ ದೊಡ್ಡ ಕೆಂಪು ಹರಳಿದೆ. ಅದು ಮಾಣಿಕ್ಯವಲ್ಲ, ಸ್ಪಿನೆಲ್. ಜಹಾಂಗೀರನ ಹೆಸರು ಕೆತ್ತಿರುವ ‘ತೈಮೂರನ ಮಾಣಿಕ್ಯ’ವೂ ಅಷ್ಟೆ, ಸ್ಪಿನೆಲ್ಲೇ. ಶತಮಾನಗಳ ಕಾಲ ರತ್ನಪರೀಕ್ಷಕರು ಮೋಸಹೋದರು. ಆ ಹರಳಿನಲ್ಲಿರುವುದು ಮೆಗ್ನೀಸಿಯಂ ಒಂದು, ಅಲ್ಯೂಮಿನಿಯಂ ಎರಡು, ಆಮ್ಲಜನಕ ನಾಲ್ಕು. ಎಲ್ಲೋ ಒಂದಿಷ್ಟು ಕ್ರೋಮಿಯಂ ನುಸುಳಿದ್ದರಿಂದ ಕೆಂಪು. ಕೆಂಪು ಹರಳಿಗೂ ಕರಿಯ ಸೂಜಿಗಲ್ಲಿಗೂ ಏನು ಸಂಬಂಧ? ೧೯೧೫ರಲ್ಲಿ ಇಂಗ್ಲೆಂಡಿನ ಬ್ರಾಗ್ ಅವರೂ, ಅವರ ಕೆಲಸದ ಸುಳಿವಿಲ್ಲದೆಯೇ ಜಪಾನಿನ ನಿಶಿಕಾವಾ ಅವರೂ ಎಕ್ಸ್‌ಕಿರಣಗಳನ್ನು ಹಾಯಿಸಿ ನೋಡಿ, ಎರಡರ ಒಳಗಿನ ಕಟ್ಟಡ ಒಂದೇ ಎಂದು ತೋರಿಸಿದರು. ಮೂರು ಲೋಹಕ್ಕೆ ನಾಲ್ಕು ಆಮ್ಲಜನಕ, ಒಂದೇ ನಕ್ಷೆ. ಹೀಗೆ ಕಟ್ಟಿದ ಮನೆಗಳಿಗೆಲ್ಲ ಸ್ಪಿನೆಲ್ ಎಂಬುದೇ ಮನೆತನದ ಹೆಸರಾಯಿತು. ಕಬ್ಬಿಣ ಸೇರಿದ ಸ್ಪಿನೆಲ್ಲುಗಳಿಗೆ ಫೆರೈಟ್ ಎಂದು ಹೆಸರು. ನಮ್ಮ ನಾಲ್ಕು ಬಟ್ಟಲುಗಳೂ ಅವೇ.

ಆ ನಕ್ಷೆ ಹೇಗಿದೆ? ಮುಂಬಯಿಯವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ಚಾಳನ್ನು ಭಾವಿಸಿಕೊಳ್ಳಿ. ಅದು ಘನಾಕಾರದ್ದು; ಒಂದೊಂದು ಬದಿಯೂ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ. ಇಂತಹ ಚಾಳುಗಳನ್ನು ಸಾಲಾಗಿ ಇಟ್ಟರೆ ಒಂದು ಸೆಂಟಿಮೀಟರಿನಲ್ಲಿ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಹಿಡಿಸುತ್ತವೆ. ಚಾಳಿನ ಗೋಡೆಗಳನ್ನು ಕಟ್ಟಿರುವುದು ಆಮ್ಲಜನಕದ ೩೨ ಗುಂಡುಗಳು, ಸಂತೆಯಲ್ಲಿ ಕಿತ್ತಳೆಹಣ್ಣನ್ನು ಒತ್ತಾಗಿ ಪೇರಿಸಿದ ಹಾಗೆ. ಹಣ್ಣುಗಳ ನಡುವೆ ಸಂದುಗಳು ಉಳಿಯುತ್ತವಲ್ಲ, ಅವೇ ಖೋಲಿಗಳು. ಖೋಲಿಗಳು ಎರಡು ಬಗೆ. ನಾಲ್ಕು ಆಮ್ಲಜನಕಗಳ ನಡುವಣ ಸಣ್ಣ ಖೋಲಿ. ಆರು ಆಮ್ಲಜನಕಗಳ ನಡುವಣ ದೊಡ್ಡ ಖೋಲಿ. ಗಣಿತಜ್ಞರು ಮೊದಲನೆಯದನ್ನು ಚತುಷ್ಫಲಕವೆಂದೂ ಎರಡನೆಯದನ್ನು ಅಷ್ಟಫಲಕವೆಂದೂ ಕರೆಯುತ್ತಾರೆ. ಒಂದು ಚಾಳಿನಲ್ಲಿ ಸಣ್ಣ ಖೋಲಿಗಳು ೬೪, ದೊಡ್ಡವು ೩೨. ಆದರೆ ಲೋಹದ ಬಿಡಾರಗಳು ಇರುವುದು ಸಣ್ಣವುಗಳಲ್ಲಿ ಎಂಟೇ ಎಂಟರಲ್ಲಿ, ದೊಡ್ಡವುಗಳಲ್ಲಿ ಹದಿನಾರರಲ್ಲಿ. ಮಿಕ್ಕವೆಲ್ಲ ಬೀಗ ಹಾಕಿದ ಖಾಲಿ ಖೋಲಿಗಳು! ತೊಂಬತ್ತಾರರಲ್ಲಿ ಎಪ್ಪತ್ತೆರಡು ಖಾಲಿಯಿರುವ ಚಾಳು ಮುಂಬಯಿಯಲ್ಲಿ ಉಂಟೆಂದರೆ ತಾವು ಯಾರೂ ನಂಬಲಿಕ್ಕಿಲ್ಲ, ಪ್ರಕೃತಿಯಲ್ಲಿ ಉಂಟು.

ಇನ್ನು ಬಾಡಿಗೆಯ ಲೆಕ್ಕ. ಆಮ್ಲಜನಕವು ತಲಾ ಎರಡು ಎಲೆಕ್ಟ್ರಾನುಗಳನ್ನು ಬೇಡುತ್ತದೆ. ನಾಲ್ಕು ಆಮ್ಲಜನಕಕ್ಕೆ ಎಂಟಾಯಿತು. ಮೂರು ಲೋಹಗಳು ಕೂಡಿ ಆ ಎಂಟನ್ನು ತೆರಬೇಕು: ಒಂದು ಲೋಹ ಎರಡು ಕೊಟ್ಟರೆ ಉಳಿದೆರಡು ಮೂರು ಮೂರು ಕೊಡಬೇಕು. ಎರಡು, ಮೂರು, ಮೂರು. ಈ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ. ವಿಜಾಪುರದ ಹುಡುಗನ ಪ್ರಶ್ನೆಗೆ ಇದೇ ಬೀಗದಕೈ. ನಿಕಲ್, ಸತು, ಮೆಗ್ನೀಸಿಯಂ ಇವು ಎರಡು ಕೊಡುವವು. ಅಲ್ಯೂಮಿನಿಯಂ ಮೂರು ಕೊಡುತ್ತದೆ. ಕಬ್ಬಿಣ ಎರಡನ್ನೂ ಬಲ್ಲದು, ಸಂದರ್ಭಕ್ಕೆ ತಕ್ಕಂತೆ ಎರಡು ಕೊಟ್ಟೀತು, ಮೂರು ಕೊಟ್ಟೀತು. ಸೂಜಿಗಲ್ಲಿನಲ್ಲಿ ಮೂರರಲ್ಲಿ ಒಂದು ಕಬ್ಬಿಣ ಎರಡು ಕೊಟ್ಟದ್ದು, ಮಿಕ್ಕೆರಡು ಮೂರು ಕೊಟ್ಟವು.

ಕೊಟ್ಟು ಉಳಿದ ಎಲೆಕ್ಟ್ರಾನುಗಳಲ್ಲಿಯೇ ಕಾಂತತ್ವದ ಗುಟ್ಟಿದೆ. ಒಂದೊಂದು ಎಲೆಕ್ಟ್ರಾನೂ ಪುಟ್ಟದೊಂದು ಅಯಸ್ಕಾಂತ. ಎರಡು ಜೋಡಿಯಾದರೆ ಒಂದು ಬಲಕ್ಕೆ ಮುಖಮಾಡಿ, ಇನ್ನೊಂದು ಎಡಕ್ಕೆ ಮುಖಮಾಡಿ, ಪರಿಣಾಮ ಸೊನ್ನೆಯಾಗುತ್ತದೆ. ಜೋಡಿ ಸಿಕ್ಕದ ಒಂಟಿ ಎಲೆಕ್ಟ್ರಾನುಗಳಿದ್ದರೆ ಮಾತ್ರ ಪರಮಾಣು ಅಯಸ್ಕಾಂತವಾಗುತ್ತದೆ. ಸಂಕ್ರಮಣ ಲೋಹಗಳೆಂಬ ಗುಂಪಿನ ವೈಶಿಷ್ಟ್ಯವೇ ಇದು: ಇವುಗಳ ಒಳಕವಚ ಪೂರ್ತಿ ತುಂಬಿರುವುದಿಲ್ಲ, ಒಂಟಿಗಳು ಉಳಿದಿರುತ್ತವೆ. ಮೂರು ಕೊಟ್ಟ ಕಬ್ಬಿಣಕ್ಕೆ ಐದು ಒಂಟಿಗಳು, ಎರಡು ಕೊಟ್ಟ ಕಬ್ಬಿಣಕ್ಕೆ ನಾಲ್ಕು, ಕೋಬಾಲ್ಟಿಗೆ ಮೂರು, ನಿಕಲ್ಲಿಗೆ ಎರಡು, ತಾಮ್ರಕ್ಕೆ ಒಂದು. ಸತುವಿನ ಒಳಕವಚ ಭರ್ತಿಯಾಗಿದೆ, ಒಂಟಿಗಳೇ ಇಲ್ಲ, ಸೊನ್ನೆ.

ಇಷ್ಟನ್ನು ತಿಳಿದ ಮೇಲೆ ಸೂಜಿಗಲ್ಲಿನ ಬಲವನ್ನು ಕೂಡಿ ಹೇಳುವುದು ಮಗ್ಗಿಯಷ್ಟು ಸುಲಭವಾಗಬೇಕಿತ್ತು. ಐದು, ಐದು, ನಾಲ್ಕು, ಒಟ್ಟು ಹದಿನಾಲ್ಕು. ಅಳೆದರೆ ಬರುವುದು ನಾಲ್ಕು! ಹತ್ತು ಎಲ್ಲಿ ಹೋಯಿತು? ಬಹುಕಾಲ ಯಾರಿಗೂ ತಿಳಿಯಲಿಲ್ಲ. ೧೯೪೮ರಲ್ಲಿ ಫ್ರಾನ್ಸಿನ ಲೂಯಿ ನೀಲ್ ಅವರು ಉತ್ತರ ಕೊಟ್ಟರು. ಸಣ್ಣ ಖೋಲಿಯವರು ಎಲ್ಲರೂ ಎಡಕ್ಕೆ ಮುಖಮಾಡಿದರೆ ದೊಡ್ಡ ಖೋಲಿಯವರು ಎಲ್ಲರೂ ಬಲಕ್ಕೆ ಮುಖಮಾಡುತ್ತಾರೆ; ನಮಗೆ ಹೊರಗೆ ಸಿಕ್ಕುವುದು ಎರಡು ಪಕ್ಷಗಳ ವ್ಯತ್ಯಾಸ ಮಾತ್ರ. ಸೂಜಿಗಲ್ಲಿನಲ್ಲಿ ಮೂರು ಕೊಟ್ಟ ಕಬ್ಬಿಣ ಒಂದು ಸಣ್ಣ ಖೋಲಿಯಲ್ಲಿ, ಇನ್ನೊಂದು ದೊಡ್ಡದರಲ್ಲಿ: ಐದಕ್ಕೆ ಐದು ವಜಾ. ಉಳಿದದ್ದು ಎರಡು ಕೊಟ್ಟ ಕಬ್ಬಿಣದ ನಾಲ್ಕು. ಈ ಬಗೆಯ ಕಾಂತತ್ವಕ್ಕೆ ಫೆರಿಕಾಂತತ್ವವೆಂದು ಹೆಸರಿಟ್ಟರು. ನೀಲ್ ಅವರಿಗೆ ೧೯೭೦ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಇವರು ಹೀಗೆ ಎದುರುಬದುರಾಗಿ ನಿಲ್ಲುವುದಕ್ಕೆ ಕಾರಣ ನಡುವೆ ನಿಂತ ಆಮ್ಲಜನಕ. ಒಂದು ಖೋಲಿಯ ಸುದ್ದಿ ಇನ್ನೊಂದಕ್ಕೆ ತಲುಪುವುದು ಅದರ ಮೂಲಕವೇ. ಸಣ್ಣ ಖೋಲಿಗೂ ದೊಡ್ಡ ಖೋಲಿಗೂ ನಡುವೆ ಆಮ್ಲಜನಕವು ಸುಮಾರು ೧೨೫ ಡಿಗ್ರಿ ಕೋನದಲ್ಲಿ ನಿಂತಿರುವುದರಿಂದ ಅಲ್ಲಿಯ ವಿರೋಧ ಬಲವಾದದ್ದು. ದೊಡ್ಡ ಖೋಲಿಗಳ ನಡುವೆ ಕೋನ ೯೦ ಡಿಗ್ರಿ. ಅಲ್ಲಿಯ ವಿರೋಧ ದುರ್ಬಲ. ದೊಡ್ಡ ಖೋಲಿಯವರಿಗೆ ತಮ್ಮತಮ್ಮಲ್ಲಿ ಒಗ್ಗಟ್ಟೇನೂ ಇಲ್ಲ. ಎದುರಿಗೆ ಸಣ್ಣ ಖೋಲಿಯವರು ಇದ್ದಾರೆಂಬ ಒಂದೇ ಕಾರಣಕ್ಕೆ ಅವರೆಲ್ಲ ಒಂದೇ ಕಡೆ ತಿರುಗಿದ್ದಾರೆ. ಸಂಘಸಂಸ್ಥೆಗಳ ಚುನಾವಣೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಬಟ್ಟಲುಗಳಿಗೆ ಬರೋಣ. ಯಾವ ಲೋಹ ಯಾವ ಖೋಲಿಗೆ ಹೋಗುತ್ತದೆಂಬುದು ಅದರ ಸ್ವಭಾವ. ನಿಕಲ್ಲಿಗೆ ದೊಡ್ಡ ಖೋಲಿಯೇ ಬೇಕು, ಕ್ರೋಮಿಯಮ್ಮಿಗೂ ಅಷ್ಟೆ. ಸತುವಿಗೆ ನಾಲ್ಕು ನೆರೆಯವರ ಸಣ್ಣ ಖೋಲಿಯೇ ಪ್ರಿಯ. ಮೂರು ಕೊಟ್ಟ ಕಬ್ಬಿಣಕ್ಕೆ ಈ ಹಟವಿಲ್ಲ. ಮಿಕ್ಕವರು ಹಿಡಿದು ಬಿಟ್ಟ ಖೋಲಿಯಲ್ಲಿ ಹೊಂದಿಕೊಳ್ಳುತ್ತದೆ. ಎಲೆಕ್ಟ್ರಾನುಗಳ ಮೋಡದ ಆಕಾರಕ್ಕೂ ಈ ಹಟಕ್ಕೂ ಇರುವ ಸಂಬಂಧವನ್ನು ೧೯೫೭ರಲ್ಲಿ ಡುನಿಟ್ಜ್ ಮತ್ತು ಆರ್ಗೆಲ್ ಜೋಡಿಯೂ, ಪ್ರತ್ಯೇಕವಾಗಿ ಮ್ಯಾಕ್ಲೂರ್ ಎಂಬವರೂ ಬಿಡಿಸಿದರು.

ಎರಡನೆಯ ಬಟ್ಟಲಿನಿಂದ ಹತ್ತು ನಿಕಲ್ಲುಗಳನ್ನೂ ಅವುಗಳ ಜೊತೆಗಾರರಾದ ಇಪ್ಪತ್ತು ಕಬ್ಬಿಣಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಸಣ್ಣ ಖೋಲಿಗಳು ಹತ್ತು, ದೊಡ್ಡವು ಇಪ್ಪತ್ತು. ಸಣ್ಣವುಗಳಲ್ಲಿ ಹತ್ತು ಕಬ್ಬಿಣ: ಎಡಕ್ಕೆ ೫೦. ದೊಡ್ಡವುಗಳಲ್ಲಿ ಹತ್ತು ಕಬ್ಬಿಣ ಮತ್ತು ಹತ್ತು ನಿಕಲ್: ಬಲಕ್ಕೆ ೫೦ ಮತ್ತು ೨೦, ಒಟ್ಟು ೭೦. ಉಳಿತಾಯ ೨೦.

ನಾಲ್ಕನೆಯ ಬಟ್ಟಲಿನಲ್ಲಿ ಮೂರು ನಿಕಲ್ಲುಗಳು ಹೋದುವು, ಮೂರು ಸತುಗಳು ಬಂದುವು. ಬಂದವು ನಿಕಲ್ ಬಿಟ್ಟುಹೋದ ದೊಡ್ಡ ಖೋಲಿಗೆ ಹೋಗಲಿಲ್ಲ. ಸಣ್ಣ ಖೋಲಿಗಳಿಗೆ ನುಗ್ಗಿದುವು. ಅಲ್ಲಿದ್ದ ಮೂರು ಕಬ್ಬಿಣಗಳು ಗಂಟುಮೂಟೆ ಕಟ್ಟಿಕೊಂಡು ದೊಡ್ಡ ಖೋಲಿಗೆ ವಲಸೆ ಹೋದುವು. ಮನೆ ಬದಲಾಯಿತು, ಪಕ್ಷವೂ ಬದಲಾಯಿತು! ಈಗ ಸಣ್ಣವುಗಳಲ್ಲಿ ಏಳು ಕಬ್ಬಿಣ: ಎಡಕ್ಕೆ ೩೫. ದೊಡ್ಡವುಗಳಲ್ಲಿ ಹದಿಮೂರು ಕಬ್ಬಿಣ, ಏಳು ನಿಕಲ್: ೬೫ ಮತ್ತು ೧೪, ಬಲಕ್ಕೆ ೭೯. ಉಳಿತಾಯ ೪೪. ಇಪ್ಪತ್ತು ಇದ್ದದ್ದು ಇಮ್ಮಡಿಗಿಂತ ಹೆಚ್ಚಾಯಿತು. ಸತು ತನ್ನದೆಂದು ಏನನ್ನೂ ತರಲಿಲ್ಲ. ಎಡಗಡೆಯವರನ್ನು ಬಲಗಡೆಗೆ ಎಬ್ಬಿಸಿತು, ಅಷ್ಟೆ. ಕಡುಚಳಿಯಲ್ಲಿ ಅಳೆದಾಗ ಬರುವ ಅಂಕಿಗಳು ಈ ಲೆಕ್ಕಕ್ಕೆ ಸಮೀಪವಾಗಿಯೇ ಇವೆ. ಕೋಣೆಯ ಸೆಕೆಯಲ್ಲಿ ಎಲ್ಲವೂ ಅಲುಗಾಡುವುದರಿಂದ ಅಂತರ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ, ಆದರೂ ಕಾಣುತ್ತದೆ.

ಹಾಗಾದರೆ ನಿಕಲ್ಲನ್ನು ಪೂರ್ತಿ ಹೊರಗಟ್ಟಿ ಹತ್ತೂ ಸತುವನ್ನೇ ತುಂಬಿದರೆ? ಸಣ್ಣ ಖೋಲಿಗಳಲ್ಲೆಲ್ಲ ಸತು: ಎಡಕ್ಕೆ ಸೊನ್ನೆ. ದೊಡ್ಡವುಗಳಲ್ಲಿ ಇಪ್ಪತ್ತು ಕಬ್ಬಿಣ: ಬಲಕ್ಕೆ ನೂರು. ಕಾಗದದ ಮೇಲೆ ಜಗತ್ತಿನ ಪ್ರಚಂಡ ಅಯಸ್ಕಾಂತ ಸಿದ್ಧವಾಯಿತು. ಆದರೆ ಅದು ಇದೇ ನಮ್ಮ ಮೂರನೆಯ ಬಟ್ಟಲು, ಮಿಸುಕದೆ ಕುಳಿತಿರುವುದು! ಎದುರುಪಕ್ಷವೇ ಇಲ್ಲದ ಮೇಲೆ ಒಂದೇ ಕಡೆ ತಿರುಗಿ ನಿಲ್ಲಲು ಕಾರಣವೂ ಇಲ್ಲ. ದೊಡ್ಡ ಖೋಲಿಯವರು ತಮ್ಮತಮ್ಮಲ್ಲೇ ಆ ದುರ್ಬಲವಾದ ವಿರೋಧವನ್ನು ಹೂಡಿ ಒಬ್ಬರನ್ನೊಬ್ಬರು ವಜಾ ಮಾಡಿಕೊಳ್ಳುತ್ತಾರೆ; ಅದೂ ಹಿಮಕ್ಕಿಂತ ಎಷ್ಟೋ ತಣ್ಣಗಿನ ಸ್ಥಿತಿಯಲ್ಲಿ. ಕೋಣೆಯ ಶಾಖದಲ್ಲಿ ಯಾರ ಮುಖ ಎತ್ತ ಎಂಬುದಕ್ಕೆ ಗೊತ್ತುಗುರಿಯಿಲ್ಲ.

ಇವೆರಡರ ನಡುವೆ ಏನಾಗುತ್ತದೆ? ಸತು ಅರ್ಧಕ್ಕಿಂತ ಹೆಚ್ಚಾದಂತೆ ದೊಡ್ಡ ಖೋಲಿಯವರು ನೇರ ಬಲಕ್ಕೆ ನಿಲ್ಲದೆ, ಕೆಲವರು ಸ್ವಲ್ಪ ಈಚೆಗೆ, ಕೆಲವರು ಸ್ವಲ್ಪ ಆಚೆಗೆ ಓರೆಯಾಗಬೇಕೆಂದು ಯಾಫೆಟ್ ಮತ್ತು ಕಿಟ್ಟೆಲ್ ಎಂಬವರು ೧೯೫೨ರಲ್ಲಿ ವಾದಿಸಿದರು. ವಾದ ಸರಿಯೋ ತಪ್ಪೋ ನೋಡಬೇಕಾದರೆ ಖೋಲಿಯ ಒಳಗೆ ಇಣುಕಬೇಕು. ಎಕ್ಸ್‌ಕಿರಣಗಳಿಗೆ ಕಬ್ಬಿಣ ನಿಕಲ್ಲುಗಳು ಅವಳಿಗಳಂತೆ ಕಾಣುತ್ತವೆ. ಮುಖ ಎತ್ತ ಎಂಬುದಂತೂ ತಿಳಿಯುವುದೇ ಇಲ್ಲ. ನ್ಯೂಟ್ರಾನಿಗೆ ಎರಡೂ ತಿಳಿಯುತ್ತವೆ, ಏಕೆಂದರೆ ಅದು ತಾನೇ ಒಂದು ಪುಟ್ಟ ಅಯಸ್ಕಾಂತ. ೧೯೫೧ರಲ್ಲಿ ಅಮೆರಿಕದ ಓಕ್ ರಿಡ್ಜಿನಲ್ಲಿ ಶಲ್ ಮತ್ತು ಸಂಗಡಿಗರು ಸೂಜಿಗಲ್ಲಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ, ನೀಲ್ ಹೇಳಿದ ಎಡಬಲಗಳು ನಿಜವೆಂದು ಕಂಡರು.

ಓರೆಯ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಈ ಊರಿನವರೂ ಇದ್ದಾರೆ. ಟ್ರಾಂಬೆಯಲ್ಲಿ ೧೯೫೬ರ ಆಗಸ್ಟಿನಲ್ಲಿ ‘ಅಪ್ಸರಾ’ ಹೊತ್ತಿಕೊಂಡಿತು; ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಆ ಕಾಲದಿಂದ ಅಲ್ಲಿದ್ದವರು. ೧೯೬೦ರಲ್ಲಿ ಅದಕ್ಕಿಂತ ದೊಡ್ಡದಾದ ‘ಸೈರಸ್’ ಬಂತು. ಟ್ರಾಂಬೆಯ ಸತ್ಯಮೂರ್ತಿ, ಪವಯಿಯ ಐ.ಐ.ಟಿ.ಯ ಶ್ರೀವಾಸ್ತವ ಮತ್ತು ಅವರ ಸಂಗಡಿಗರು ನಿಕಲ್-ಸತು ಫೆರೈಟಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ, ಆ ಓರೆಯ ಕೋನಗಳನ್ನು ಅಳೆದು ೧೯೬೯ರಲ್ಲಿ ಪ್ರಕಟಿಸಿದರು. ಈ ಬಟ್ಟಲಿನ ಸಾಮಗ್ರಿಯನ್ನು ಓದುವ ಹೊರದೇಶದ ವಿದ್ಯಾರ್ಥಿಗಳು ಇಂದಿಗೂ ಆ ಲೇಖನವನ್ನು ಹೆಸರಿಸುತ್ತಾರೆ. ಹಾರ್ಬರ್ ಲೈನಿನ ರೈಲಿನಲ್ಲಿ ಆ ಕಡೆ ಹಾಯುವಾಗ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಡವೆ?

ಖೋಲಿ ಹಂಚಿಕೆ ಒಮ್ಮೆ ಆದದ್ದು ಶಾಶ್ವತವೇನೂ ಅಲ್ಲ. ಕೆಲವು ಫೆರೈಟುಗಳನ್ನು, ಮುಖ್ಯವಾಗಿ ಮೆಗ್ನೀಸಿಯಂ ಮತ್ತು ತಾಮ್ರದವುಗಳನ್ನು, ಭಟ್ಟಿಯಿಂದ ತೆಗೆದು ನೀರಿಗೆ ಅದ್ದಿದರೆ ಒಂದು ಬಲ, ನಿಧಾನವಾಗಿ ಆರಿಸಿದರೆ ಇನ್ನೊಂದು ಬಲ. ಬಿಸಿಯಲ್ಲಿ ಅದಲುಬದಲಾದ ನಿವಾಸಿಗಳಿಗೆ ತಮ್ಮ ಖೋಲಿಗೆ ಹಿಂದಿರುಗಲು ಪುರಸತ್ತು ಬೇಕಷ್ಟೆ. ಮೂರನೆಯ ಬಟ್ಟಲಿನ ಸತು ಫೆರೈಟನ್ನೂ ಗುಂಡುಗಳ ಗಿರಣಿಯಲ್ಲಿ ಗಂಟೆಗಟ್ಟಲೆ ಅರೆದು ಅತಿ ನುಣುಪು ಮಾಡಿದರೆ ಕೆಲವು ಕಬ್ಬಿಣಗಳು ಸಣ್ಣ ಖೋಲಿಗೆ ತಳ್ಳಲ್ಪಟ್ಟು, ಮಿಸುಕದಿದ್ದ ಪುಡಿ ಅಯಸ್ಕಾಂತಕ್ಕೆ ಓಗೊಡುತ್ತದೆ. ನಾವು ಇದನ್ನು ಹಾಗೆ ಅರೆದಿಲ್ಲ. ಅರೆದಿದ್ದರೆ ಇವತ್ತಿನ ಆಟ ಕೆಡುತ್ತಿತ್ತು.

ಇಷ್ಟೆಲ್ಲ ಏತಕ್ಕೆ ಎಂದು ತಾಯಂದಿರು ಕೇಳಬಹುದು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇದ್ದ ಮನೆಗಳಲ್ಲಿ, ರಾತ್ರಿಯ ಹೊತ್ತು ಧಾರವಾಡವನ್ನು ಹಿಡಿಯಲು ರೇಡಿಯೋವನ್ನೇ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತಿದ್ದುದು ನೆನಪಿದೆಯೆ? ಒಂದು ದಿಕ್ಕಿನಲ್ಲಿ ದನಿ ಏರುತ್ತಿತ್ತು, ಇನ್ನೊಂದರಲ್ಲಿ ಅಡಗುತ್ತಿತ್ತು. ತಿರುಗಬೇಕಾದದ್ದು ಪೆಟ್ಟಿಗೆಯಲ್ಲ, ಒಳಗೆ ಅಡ್ಡಲಾಗಿ ಮಲಗಿದ್ದ ಫೆರೈಟಿನ ಕರಿಯ ಕಡ್ಡಿ. ಆಕಾಶದಲ್ಲಿ ಬರುವ ಅಲೆಯ ಕಾಂತಭಾಗವನ್ನು ಅದು ತನ್ನೊಳಕ್ಕೆ ಸೆಳೆದು, ಮೈಗೆ ಸುತ್ತಿದ ತಂತಿಗೆ ಕೊಡುತ್ತಿತ್ತು. ಊರಿನ ಭಾಷೆ ಈ ಊರಿನ ಚಾಳಿಗೆ ಆ ಕಡ್ಡಿಯ ಮೂಲಕ ಇಳಿಯಿತೆಂದರೆ ಅತಿಶಯೋಕ್ತಿಯಲ್ಲ. ಬರಿಯ ಕಬ್ಬಿಣದ ಕಡ್ಡಿ ಇದಕ್ಕೆ ಒದಗದು. ಕ್ಷಣಕ್ಕೆ ಲಕ್ಷಾಂತರ ಸಲ ಅಲುಗುವ ಅಲೆಗೆ ಸಿಕ್ಕಿದರೆ ಕಬ್ಬಿಣದೊಳಗೆ ಸುಳಿವಿದ್ಯುತ್ತು ಎದ್ದು ಶಕ್ತಿಯೆಲ್ಲ ಶಾಖವಾಗಿ ಪೋಲಾಗುತ್ತದೆ. ಸೂಜಿಗಲ್ಲೂ ಆಗದು, ಅದರಲ್ಲಿಯೂ ವಿದ್ಯುತ್ತು ಹರಿಯುತ್ತದೆ: ದೊಡ್ಡ ಖೋಲಿಗಳಲ್ಲಿ ಎರಡು ಕೊಟ್ಟ ಕಬ್ಬಿಣವೂ ಮೂರು ಕೊಟ್ಟ ಕಬ್ಬಿಣವೂ ಅಕ್ಕಪಕ್ಕದಲ್ಲಿರುವುದರಿಂದ ಒಂದು ಎಲೆಕ್ಟ್ರಾನು ಈ ಮನೆಯಿಂದ ಆ ಮನೆಗೆ ಜಿಗಿಯುತ್ತಲೇ ಇರುತ್ತದೆ. ನಿಕಲ್ಲನ್ನಿಟ್ಟರೆ ಜಿಗಿತ ನಿಲ್ಲುತ್ತದೆ, ತಡೆ ಕೋಟ್ಯಂತರ ಪಟ್ಟು ಏರುತ್ತದೆ. ಜಪಾನಿನ ಕಾಟೊ ಮತ್ತು ಟಾಕೆಯಿ, ಹಾಲೆಂಡಿನ ಸ್ನೂಕ್ ಮೊದಲಾದವರು ೧೯೩೦ರ ದಶಕದಿಂದ ಮುಂದಕ್ಕೆ ದುಡಿದು ಇದನ್ನು ಉದ್ಯಮವಾಗಿಸಿದರು.

ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ೧೯೬೦ರಲ್ಲಿ ನಮ್ಮ ದ��ಶದವರೇ ಕಟ್ಟಿದ ‘ಟಿಫ್ರಾಕ್’ ಗಣಕಯಂತ್ರಕ್ಕೆ ನೆನಪಿನ ಶಕ್ತಿಯಾಗಿದ್ದುದೂ ಫೆರೈಟೇ. ಸಣ್ಣ ಸಣ್ಣ ಉಂಗುರಗಳು. ಒಂದೊಂದು ಉಂಗುರದ ಕಾಂತತ್ವ ಬಲಕ್ಕೆ ತಿರುಗಿದ್ದರೆ ಒಂದು, ಎಡಕ್ಕಿದ್ದರೆ ಸೊನ್ನೆ. ನಲವತ್ತು ಅಂಕೆಗಳ ೨,೦೪೮ ಪದಗಳು, ಎಂದರೆ ಎಂಬತ್ತು ಸಾವಿರಕ್ಕೂ ಮಿಕ್ಕ ಉಂಗುರಗಳು. ಇವತ್ತು ಹುಡುಗರ ಜೇಬಿನಲ್ಲಿರುವ ಫೋನಿನ ಮುಂದೆ ಅದು ಏನೂ ಅಲ್ಲ. ಆದರೆ ಆ ಫೋನಿಗೆ ವಿದ್ಯುತ್ತು ತುಂಬುವ ಚಾರ್ಜರನ್ನು ಒಡೆದು ನೋಡಿದರೆ ಒಳಗೆ ಕರಿಯ ಫೆರೈಟಿನ ತುಂಡು ಇದ್ದೇ ಇರುತ್ತದೆ. (ಮನೆಯಲ್ಲಿ ಒಡೆಯಬೇಡಿ, ಕೆಟ್ಟುಹೋದದ್ದನ್ನು ಸಂಘಕ್ಕೆ ತನ್ನಿ.) ಬ್ಯಾಟರಿಯ ಮಾತೂ ಉಂಟು: ಗುಡಿನಫ್ ಎಂಬ ಅಮೆರಿಕದ ವಿಜ್ಞಾನಿ ತರುಣನಾಗಿದ್ದಾಗ ಇಂತಹ ನೆನಪಿನ ಉಂಗುರಗಳ ಮೇಲೆ ದುಡಿದು, ಮುಂದೆ ೧೯೮೩ರಲ್ಲಿ ಥ್ಯಾಕರೆ ಮೊದಲಾದವರೊಡನೆ ಲಿಥಿಯಂ-ಮ್ಯಾಂಗನೀಸ್ ಸ್ಪಿನೆಲ್ಲನ್ನು ಬ್ಯಾಟರಿಗೆ ತಂದರು. ನಾವು ಖಾಲಿ ಖೋಲಿಗಳೆಂದು ಹಾಸ್ಯ ಮಾಡಿದೆವಲ್ಲ, ಲಿಥಿಯಂ ಓಡಾಡುವುದು ಆ ಖಾಲಿ ಖೋಲಿಗಳ ಹಾದಿಯಲ್ಲೇ. ಗುಡಿನಫ್ ಅವರಿಗೆ ೨೦೧೯ರಲ್ಲಿ ನೊಬೆಲ್ ಬಂದಾಗ ವಯಸ್ಸು ತೊಂಬತ್ತೇಳು.

ಈಗ ಸಾಲ ತೀರಿಸುವ ಹೊತ್ತು. ಸುಟ್ಟ ಬೂದಿಗೆ ಮತ್ತೆ ಗಾಳಿ ತಾಗಿದರೆ ಕೆಡುವುದೇನು? ತಮ್ಮಾ, ನೀನು ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಕಡ್ಡಿ ಪೂರ್ತಿ ಸುಟ್ಟ ಬೂದಿಯಾಗಿರಲಿಲ್ಲ. ಎರಡು, ಮೂರು, ಮೂರು ಎಂಬ ಲೆಕ್ಕದಲ್ಲಿ ಆ ಎರಡು ಕೊಟ್ಟ ಮ್ಯಾಂಗನೀಸೂ, ಅಲ್ಲಲ್ಲಿ ಎರಡು ಕೊಟ್ಟ ಕಬ್ಬಿಣವೂ ಇನ್ನೂ ಒಂದನ್ನು ಕೊಡಬಲ್ಲವು. ಅರ್ಧ ಸುಟ್ಟವು ಅವು. ಅತಿ ಬಿಸಿಯಲ್ಲಿ ಅವು ಹಾಗೇ ಇರಲು ಒಪ್ಪುತ್ತವೆ. ಭಟ್ಟಿ ಆರುತ್ತ ಬಂದಾಗ ಆಮ್ಲಜನಕ ಒಳಗೆ ಬಂದರೆ ಇವು ಮೂರನೆಯ ಎಲೆಕ್ಟ್ರಾನನ್ನೂ ಅದಕ್ಕೆ ಕೊಟ್ಟುಬಿಡುತ್ತವೆ. ಎರಡು ಕೊಡುವವರು ಕಡಿಮೆಯಾದರು, ಮೂರು ಕೊಡುವವರು ಹೆಚ್ಚಾದರು. ಚಾಳಿನ ಲೆಕ್ಕ ತಪ್ಪಿತು. ಹೆಚ್ಚಾದವರು ಈ ಚಾಳಿನಲ್ಲಿ ನಿಲ್ಲಲಾರದೆ ಹೊರಬಿದ್ದು, ಪಕ್ಕದಲ್ಲೇ ಬೇರೆ ನಕ್ಷೆಯ ಮನೆ ಕಟ್ಟಿಕೊಂಡರು. ಅದು ಹೆಮಟೈಟ್, ನಮ್ಮ ಕೆಮ್ಮಣ್ಣುಗುಂಡಿಯ ಕೆಂಪು ಕಲ್ಲು. ಅಯಸ್ಕಾಂತಕ್ಕೆ ಅದು ಓಗೊಡುವುದು ಇಲ್ಲವೆನ್ನುವಷ್ಟು ಕಡಿಮೆ. ಕಡ್ಡಿಯ ಉದ್ದಕ್ಕೂ ಅದರ ಕಣಗಳು ಮುಳ್ಳಿನಂತೆ ಎದ್ದು, ಕಾಂತತ್ವ ಸರಾಗವಾಗಿ ಆ ಕಡೆ ಈ ಕಡೆ ಹೊರಳದಂತೆ ತಡೆದುವು. ಬೆಳಿಗ್ಗೆ ನೀನು ಕಂಡ ಕೆಂಪು ಛಾಯೆ ಅದೇ. ಸಿಲಿಂಡರು ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ತೋರಿಸುವ ಮುಳ್ಳು ಕೆಟ್ಟು ವಾರವಾಗಿತ್ತು, ಅದನ್ನು ಪುಸ್ತಕದಲ್ಲಿ ಬರೆದೂ ಇತ್ತು. ಅಲಕ್ಷ್ಯ ನಿನ್ನದಾಗಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅಡಿಗೆಯವರು ಬಾಗಿಲಲ್ಲಿ ನಿಂತಿದ್ದಾರೆ. ಅಯಸ್ಕಾಂತ ಇಲ್ಲಿಯೇ ಇದೆ. ಪುಡಿ ಅಂಟಿಕೊಂಡರೆ ಬಿಡಿಸುವುದು ಕಷ್ಟವಾದ್ದರಿಂದ ಅದಕ್ಕೆ ಕಾಗದ ಸುತ್ತಿದ್ದೇವೆ. ಮಕ್ಕಳು ಮೊದಲು ಬರಲಿ, ಮೂರನೆಯ ಬಟ್ಟಲಿನಿಂದ ಶುರುಮಾಡಲಿ. ಬಟ್ಟಲು ಮುಟ್ಟಿದವರು ಕೈತೊಳೆದು ಪಂಕ್ತಿಗೆ ಬರಬೇಕೆಂದು ವಿನಂತಿ.